ಬೆಟ್ಟದ ಶಾಲೆಯ ಸೌದೆ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ಹಿರಿಯರ ಮಾತು. ಬೆಟ್ಟದ ಮೇಲಿನ ಶಾಲೆಯೆಂದೊಡನೆ ತಂಗಾಳಿ, ಹಸುರು ಕಾಡು, ಹಕ್ಕಿಗಳ ಇಂಚರ ಎಂದು ಮನಸ್ಸು ಚಿತ್ರ ಬಿಡಿಸತೊಡಗುವುದು ಸಹಜವೇ. ಹತ್ತಿರ ಹೋದವರಿಗಾದರೋ ಮೊದಲು ಕಾಣುವುದು ಕೊಡಲಿ, ಸೌದೆಯ ರಾಶಿ ಮತ್ತು ತೊಳೆಯಬೇಕಾದ ಪಾತ್ರೆಗಳು.

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಮೂಲೆಯಲ್ಲಿ ವರ್ಮಾಂಟ್ ಎಂಬ ಗುಡ್ಡಗಾಡಿನ ರಾಜ್ಯವಿದೆ. ಅಲ್ಲಿಯ ವರ್ಷೈರ್ ಎಂಬ ಸಣ್ಣ ಊರಿನ ‘ಮೌಂಟನ್ ಸ್ಕೂಲ್’ 1984ರಲ್ಲಿ ಹೊಸದೊಂದು ಪದ್ಧತಿಯನ್ನು ಆರಂಭಿಸಿತು. ವಿದ್ಯಾರ್ಥಿಗಳು ಅಲ್ಲಿ ವರ್ಷಗಟ್ಟಲೆ ಓದುವುದಿಲ್ಲ. ತಮ್ಮ ಊರಿನ ಪ್ರೌಢಶಾಲೆಯನ್ನು ಬಿಟ್ಟು ಒಂದು ಸೆಮಿಸ್ಟರಿನ ಮಟ್ಟಿಗೆ, ಎಂದರೆ ಸುಮಾರು ನಾಲ್ಕು ತಿಂಗಳಿಗೆ, ಬಂದು ಹೋಗುತ್ತಾರೆ. ಒಂದು ತಂಡದಲ್ಲಿ ಸುಮಾರು 45 ಮಂದಿ. ಎಲ್ಲರೂ 11ನೆಯ ತರಗತಿಯವರು. ಕಾಲೇಜು ಪ್ರವೇಶದ ವೇಳೆಗೆ ಬಹಳವಾಗಿ ಲೆಕ್ಕಕ್ಕೆ ಬರುವುದು ಆ ವರ್ಷದ ಅಂಕಗಳೇ. ಅಂಥ ಹೊತ್ತಿನಲ್ಲಿ ಮಗನನ್ನೋ ಮಗಳನ್ನೋ ಕುರಿಕೋಳಿಗಳ ನಡುವೆ ಬಿಟ್ಟುಬರುವ ತಾಯಿತಂದೆಯರ ಎದೆ ಅಳುಕದೆ ಇದ್ದೀತೆ?

ಪಾಠಪ್ರವಚನಕ್ಕೇನೂ ಅಲ್ಲಿ ಕೊರತೆಯಿಲ್ಲ. ಗಣಿತ, ಇತಿಹಾಸ, ಸಾಹಿತ್ಯ, ಪರಿಸರ ವಿಜ್ಞಾನ ಎಲ್ಲವೂ ಇವೆ. ಆದರೆ ಗಂಟೆ ಹೊಡೆದೊಡನೆ ಅಧ್ಯಾಪಕರು ಶಾಲೆಯನ್ನು ಬಿಟ್ಟು ಮನೆ ಸೇರುವಂತಿಲ್ಲ. ಅವರ ಮನೆಯೂ ಅಲ್ಲಿಯೇ. ಬೆಳಗ್ಗೆ ಕವಿತೆಯನ್ನು ವಿವರಿಸಿದವರೇ ಮಧ್ಯಾಹ್ನ ಹೊಲದ ಕೆಲಸಕ್ಕೂ ಸೌದೆ ಸೀಳುವುದಕ್ಕೂ ಮಕ್ಕಳೊಡನೆ ನಿಲ್ಲುತ್ತಾರೆ. ಒಂದೇ ಊಟದ ಮನೆಯಲ್ಲಿ ಅವರೊಡನೆ ಉಣ್ಣುತ್ತಾರೆ. ಶಿಷ್ಯನು ಸಮಿತ್ತನ್ನು ಹಿಡಿದು ಗುರುವಿನ ಬಳಿಗೆ ಹೋಗುವ ಚಿತ್ರ ಉಪನಿಷತ್ತುಗಳಲ್ಲಿ ಬರುತ್ತದೆ. ಇಲ್ಲಿಯ ವ್ಯತ್ಯಾಸವೆಂದರೆ, ಹೊರೆಯ ಇನ್ನೊಂದು ತುದಿಯನ್ನು ಗುರುವೇ ಹಿಡಿದಿರುತ್ತಾನೆ.

ಹೀಗೆ ಕೂಡಿ ಬಾಳುವಲ್ಲಿ ಯಾರಿಗೂ ಮರೆಯಿಲ್ಲ. ತರಗತಿಯಲ್ಲಿ ಚುರುಕಾದ ಹುಡುಗ ಕೊಡಲಿಯ ಮುಂದೆ ಪೆಚ್ಚಾಗಬಹುದು. ಅಲ್ಲಿ ಮೌನವಾಗಿದ್ದ ಹುಡುಗಿ ಕುರಿಯ ಕೊಟ್ಟಿಗೆಯಲ್ಲಿ ಇತರರಿಗೆ ದಾರಿ ತೋರಿಸಬಹುದು. ದಣಿದ ಅಧ್ಯಾಪಕರ ಸಿಡುಕೂ ಶಿಷ್ಯರ ಕಣ್ಣಿಗೆ ಬೀಳುತ್ತದೆ. ಪೀಠದ ಎತ್ತರದಿಂದ ಬಂದ ಗೌರವವಾದರೆ ವಾರದೊಳಗೆ ಕರಗೀತು. ನಡತೆಯಿಂದ ಬಂದುದು ಮಾತ್ರ ಉಳಿದೀತು.

ವಸಂತದ ತಂಡಕ್ಕೆ ಇನ್ನೊಂದು ಪಾಠವುಂಟು. ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ ಮೇಪಲ್ ಮರದ ಕಾಂಡದಿಂದ ಸಿಹಿನೀರು ಒಸರುತ್ತದೆ. ಅದರಲ್ಲಿ ಸಕ್ಕರೆಯ ಅಂಶ ನೂರಕ್ಕೆ ಸುಮಾರು 2 ಪಾಲು ಮಾತ್ರ. ಸುಮಾರು 40 ಗ್ಯಾಲನ್ ರಸವನ್ನು ಕುದಿಸಿ ಇಂಗಿಸಿದರೆ 1 ಗ್ಯಾಲನ್ ಪಾಕ ದೊರೆಯುತ್ತದೆ. ಆಲೆಮನೆಯ ಕೊಪ್ಪರಿಗೆಯನ್ನು ಕಂಡವರಿಗೆ ಆ ಹಬೆ, ಆ ಕಾಯುವಿಕೆ ಅಪರಿಚಿತವಲ್ಲ. ಪಾಕದ ಒಲೆಗೂ ಸೌದೆ ಬೇಕು, ಚಳಿಗಾಲದಲ್ಲಿ ಕೊಠಡಿ ಕಾಯಿಸಲೂ ಸೌದೆ ಬೇಕು.

ಆ ಸೌದೆಯಲ್ಲಿಯೇ ಶಾಲೆಯ ಮರ್ಮವೂ ಅಡಗಿದೆ. ಹಸಿಯ ಮರ ಚೆನ್ನಾಗಿ ಉರಿಯದು. ಸೀಳಿ, ಪೇರಿಸಿ, ತಿಂಗಳುಗಟ್ಟಲೆ ಒಣಗಿಸಬೇಕು. ನಾಲ್ಕು ತಿಂಗಳಿಗೆಂದು ಬಂದವರು ಸೀಳಿದ್ದು ಒಣಗುವ ಹೊತ್ತಿಗೆ ಅವರು ಹೊರಟುಹೋಗಿರುತ್ತಾರೆ. ಅವರ ಮೈಯನ್ನು ಬೆಚ್ಚಗಿರಿಸಿದ್ದು ಮುಖವನ್ನೇ ಕಾಣದ ಯಾರೋ ಸೀಳಿಟ್ಟ ಸೌದೆ. ಅವರು ಸೀಳಿದ್ದು ಅಂಥದೇ ಇನ್ನಾರಿಗೋ. ಅಂಕಪಟ್ಟಿಯಲ್ಲಿ ಈ ವಿಷಯಕ್ಕೆ ಜಾಗವಿಲ್ಲದಿರಬಹುದು. ಆದರೆ ಹದಿನಾರರ ವಯಸ್ಸಿನಲ್ಲಿ ಅದನ್ನು ಕೈಯ ಬೊಬ್ಬೆಗಳಿಂದ ಕಲಿತವನು ಮರೆಯುವುದು ಕಷ್ಟ.

ಶಿಷ್ಯರು ಒಮ್ಮೆ ಅಗಲುತ್ತಾರೆ. ಅಧ್ಯಾಪಕರಿಗೆ ಆ ಅಗಲಿಕೆ ವರ್ಷಕ್ಕೆರಡು ಬಾರಿ. ಒಬ್ಬೊಬ್ಬರ ಸ್ವಭಾವ, ಅಂಜಿಕೆ, ನಗು ಪರಿಚಿತವಾಗುವಷ್ಟರಲ್ಲಿ ಹೊರಡುವ ದಿನ ಬಂದುಬಿಡುತ್ತದೆ. ಬೀಳ್ಕೊಟ್ಟ ಮೇಲೆ ಬಿಕೋ ಎನ್ನುವ ಅಂಗಳದಲ್ಲಿ ಉಳಿಯುವುದು ಪೇರಿಸಿಟ್ಟ ಕಟ್ಟಿಗೆಯ ಸಾಲು. ಮುಂದಿನವರು ಬರುವ ದಿನ ಚಳಿಯಾಗಿದ್ದರೆ ಅವರು ಆ ಸಾಲಿನಿಂದಲೇ ನಾಲ್ಕು ಕೊರಡನ್ನು ಎತ್ತಿಕೊಂಡು ಒಲೆ ಹೊತ್ತಿಸಬೇಕು.