ಒಡ್ಡು ಎಷ್ಟು ಎತ್ತರವಿದ್ದರೆ ಸಾಕು?

1953ರ ಜನವರಿ 31ರ ರಾತ್ರಿ. ಹುಣ್ಣಿಮೆ ಕಳೆದು ಎರಡು ದಿನವಾಗಿತ್ತು. ಕಡಲಿನಲ್ಲಿ ದೊಡ್ಡ ಉಬ್ಬರ. ಅದರ ಜೊತೆಗೆ ವಾಯವ್ಯದ ಬಿರುಗಾಳಿ ಉತ್ತರ ಸಮುದ್ರದ ನೀರನ್ನು ನೆದರ್‌ಲ್ಯಾಂಡ್ಸ್ ದೇಶದ ದಂಡೆಗೆ ತಂದೊತ್ತಿತು. ಜನ ಮಲಗಿದ್ದಾಗಲೇ ಕಡಲ ಒಡ್ಡುಗಳು ಒಡೆದವು. ಅಲ್ಲಿ ಸತ್ತವರು 1,836 ಮಂದಿ.

ಒಡ್ಡನ್ನು ಎತ್ತರಿಸಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಎಷ್ಟು? ಮೊದಲೆಲ್ಲ ಲೆಕ್ಕ ಸುಲಭವಾಗಿತ್ತು: ಅದುವರೆಗೆ ಕಂಡ ಅತಿ ಎತ್ತರದ ನೀರಿನ ಮಟ್ಟ, ಅದರ ಮೇಲೆ ಇನ್ನೊಂದಿಷ್ಟು. ಆದರೆ ಮುಂದಿನ ಬಿರುಗಾಳಿ ಹಿಂದಿನದರ ಅಳತೆ ನೋಡಿಕೊಂಡು ಬರುವುದಿಲ್ಲವಲ್ಲ!

ಸರ್ಕಾರ ನೇಮಿಸಿದ ಡೆಲ್ಟಾ ಸಮಿತಿಗಾಗಿ ಈ ಲೆಕ್ಕ ಹಿಡಿದು ಕುಳಿತವರು ಆಮ್‌ಸ್ಟರ್‌ಡ್ಯಾಮಿನ ಗಣಿತಜ್ಞ ಡೇವಿಡ್ ವಾನ್ ಡಾಂಟ್ಜಿಗ್. ನೀರಿನ ಮಟ್ಟ ಹೆಚ್ಚಿದಂತೆ ಅದು ಬರುವ ಸಂಭವ ಬೇಗ ಬೇಗ ಇಳಿಯುತ್ತದೆ, ಎಂದೂ ಸೊನ್ನೆಯಾಗುವುದಿಲ್ಲ. ಹಾಗಾದರೆ ನಿಲ್ಲಿಸುವುದೆಲ್ಲಿ?

ಒಂದು ಕಲ್ಪಿತ ಉದಾಹರಣೆ ನೋಡಿ. ಒಡ್ಡು ಒಡೆದರೆ ನಷ್ಟ 1,000 ಕೋಟಿ ರೂಪಾಯಿ; ಒಡೆಯುವ ಸಂಭವ ವರ್ಷಕ್ಕೆ ನೂರರಲ್ಲಿ ಒಂದು. ಅಂದರೆ ವರ್ಷಕ್ಕೆ ಸರಾಸರಿ 10 ಕೋಟಿ ನಷ್ಟ. ಒಂದು ಮೀಟರ್ ಎತ್ತರಿಸಿದಾಗ ಸಂಭವ ಸಾವಿರದಲ್ಲಿ ಒಂದಾಯಿತೆನ್ನಿ: ಉಳಿತಾಯ 9 ಕೋಟಿ. ಇನ್ನೊಂದು ಮೀಟರಿಗೆ ಉಳಿಯುವುದು 90 ಲಕ್ಷ, ಮತ್ತೊಂದಕ್ಕೆ ಬರೀ 9 ಲಕ್ಷ. ಮಣ್ಣು, ಕಲ್ಲು, ಕೂಲಿಯ ಖರ್ಚು ಮಾತ್ರ ಇಳಿಯುವುದಿಲ್ಲ! ಖರ್ಚು ಮತ್ತು ಸಂಭಾವ್ಯ ನಷ್ಟ ಎರಡೂ ಸೇರಿ ಎಲ್ಲಿ ಅತಿ ಕಡಿಮೆಯೋ ಅದೇ ತಕ್ಕ ಎತ್ತರ. (ಬಡ್ಡಿಯ ಲೆಕ್ಕವೂ ಇದರಲ್ಲಿದೆ; ಇಲ್ಲಿ ಬಿಡೋಣ.) ಸೇತುವೆ, ಗೋಪುರಗಳ ವಿನ್ಯಾಸದಲ್ಲೂ ಇದೇ ತರ್ಕ ಇಂದು ಬಳಕೆಯಲ್ಲಿದೆ.

ಡಾಂಟ್ಜಿಗ್ 1956ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ಮಧ್ಯ ಹಾಲೆಂಡಿಗೆ ಈ ಲೆಕ್ಕ ಕೊಟ್ಟ ಉತ್ತರ, ವರ್ಷಕ್ಕೆ 1,25,000ದಲ್ಲಿ ಒಂದು ಸಂಭವ. 1960ರಲ್ಲಿ ಸಮಿತಿ ಒಪ್ಪಿದ್ದು 10,000ದಲ್ಲಿ ಒಂದನ್ನು. ಆದರೆ ಆ ಮಟ್ಟದವರೆಗೂ ಒಡ್ಡು ಪೂರ್ತಿ ಭದ್ರವಾಗಿರಬೇಕು. ಹುಕ್ ಆಫ್ ಹಾಲೆಂಡಿನಲ್ಲಿ ಅದು 5 ಮೀಟರ್. 1953ರಲ್ಲಿ ನೀರು ಅಲ್ಲಿ 3.85 ಮೀಟರಿಗೆ ಏರಿತ್ತು.

ಹತ್ತು ಸಾವಿರದಲ್ಲಿ ಒಂದು ಎಂದರೆ ಹತ್ತು ಸಾವಿರ ವರ್ಷ ನಿಶ್ಚಿಂತೆ ಎಂದಲ್ಲ. ಆ ನೀರು ಈ ವರ್ಷವೇ ಬಂದೀತು. ನೂರು ವರ್ಷದಲ್ಲಿ ಒಮ್ಮೆಯಾದರೂ ಬರುವ ಸಂಭವ ಶೇಕಡಾ 1. ‘ನೂರು ವರ್ಷದ ನೆರೆ’ಗಾದರೋ ಇದೇ ಅವಧಿಯಲ್ಲಿ ಶೇಕಡಾ 63!

ಮನುಷ್ಯರ ಜೀವವನ್ನು ಈ ತಕ್ಕಡಿಯಲ್ಲಿ ತೂಗುವುದೆಂತು ಎಂಬ ಪ್ರಶ್ನೆ ಮೊದಲಿನಿಂದಲೂ ಇತ್ತು. 2017ರಿಂದ ನೆದರ್‌ಲ್ಯಾಂಡ್ಸಿನ ಕಾನೂನು ಹಣದ ಲೆಕ್ಕದ ಜೊತೆಗೆ ಇನ್ನೊಂದು ಗೆರೆ ಎಳೆದಿದೆ: ಒಡ್ಡಿನ ಮರೆಯಲ್ಲಿರುವ ಯಾರೇ ಆಗಲಿ, ನೆರೆಯಲ್ಲಿ ಸಾಯುವ ಸಂಭವ ವರ್ಷಕ್ಕೆ ಲಕ್ಷದಲ್ಲಿ ಒಂದನ್ನು ಮೀರಬಾರದು. ಇದನ್ನು ಸಾಧಿಸಲು ಅಲ್ಲಿನವರು ಹಾಕಿಕೊಂಡಿರುವ ಗಡುವು 2050.