ಹಬ್ಬದ ರಜೆಯಲ್ಲಿ ಸಾಕುನಾಯಿಯ ಪಾಡು



ದೀಪಾವಳಿಗೆ ಪುಣೆ ಜಿಲ್ಲೆಯ ರಾಂಜಣಗಾಂವದ ಕಾರ್ಖಾನೆಗಳು ರಜೆ ಕೊಟ್ಟೊಡನೆ ಹೊರಗಿನಿಂದ ಬಂದವರೆಲ್ಲ, ಕನ್ನಡಿಗರೂ ಸೇರಿ, ಊರಿಗೆ ಹೊರಡುತ್ತಾರೆ. ಬಟ್ಟಲಲ್ಲಿ ಅನ್ನವಿಟ್ಟು ಪಕ್ಕದವರಿಗೆ ಬೀಗದ ಕೈ ಕೊಟ್ಟರೆ ಸಾಕುನಾಯಿಯ ಹೊಣೆ ಮುಗಿಯಿತೆಂಬ ಭಾವನೆ ಸರಿಯಲ್ಲ. ಪಟಾಕಿ ಸದ್ದಿಗೆ ನಾಯಿಗಳು ಬೆದರಿ ಊಟ ಬಿಡುವ, ತಪ್ಪಿಸಿಕೊಂಡು ಓಡುವ ಕಾಲವೇ ಅದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಸಾಕಿದ ಪ್ರಾಣಿಗೆ ಅನ್ನ, ನೀರು, ಆಸರೆ ಕೊಡದಿರುವುದನ್ನು ಅಪರಾಧವೆನ್ನುತ್ತದೆ. ಆದರೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಅದಕ್ಕೆ ಯಾರು ಹೆದರುತ್ತಾರೆ? ನಮ್ಮದೇ ಏರ್ಪಾಡು ಬೇಕು.

ಜೊತೆಗೇ ಕರೆದೊಯ್ಯಿರಿ ಎನ್ನುವವರಿದ್ದಾರೆ. ರೈಲಿನಲ್ಲಿ ನಾಯಿಗೆ ಜಾಗವಿರುವುದು ಇಡೀ ಕೂಪೆ ಕಾಯ್ದಿರಿಸಿದ ಮೊದಲ ದರ್ಜೆಯಲ್ಲಿ, ಇಲ್ಲವೇ ಗಾರ್ಡ್ ಬೋಗಿಯ ಪೆಟ್ಟಿಗೆಯಲ್ಲಿ. ಒಂದು ಕಾರ್ಮಿಕರ ಕೈಗೆಟುಕದು, ಇನ್ನೊಂದು ನಾಯಿಗೆ ಹಿಂಸೆ. ನಾಯಿಗಳ ಬೋರ್ಡಿಂಗಿಗೆ ಬಿಡೋಣವೆಂದರೆ ಪುಣೆ ನಗರ ಸುಮಾರು 50 ಕಿ.ಮೀ. ದೂರ. ಹಾಗಾಗಿ ವಸತಿ ಸಂಕೀರ್ಣಗಳ ಸಂಘಗಳೇ ಹಬ್ಬಕ್ಕೆ ತಿಂಗಳಿರುವಾಗ, ಊರಿಗೆ ಹೋಗದವರಲ್ಲಿ ನಾಯಿ ನೋಡಿಕೊಳ್ಳಲು ಒಪ್ಪಿದವರ ಪಟ್ಟಿ ಮಾಡಲಿ. ಅವರಿಗೆ ಸಂಭಾವನೆ ಸಲ್ಲಲಿ. ನಾಯಿಯ ಪರಿಚಯ ಮೊದಲೇ ಆಗಲಿ. ರೇಬೀಸ್ ಲಸಿಕೆಯ ಚೀಟಿ, ಪಶುವೈದ್ಯರ ಫೋನ್ ನಂಬರು ಕೈಯಲ್ಲಿರಲಿ. ಕಚ್ಚಿದರೆ ಯಾರು ಹೊಣೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಚಿಕಿತ್ಸೆಯ ಖರ್ಚು ಸಾಕಿದವರದೇ ಎಂದು ಮುಂಚೆಯೇ ಬರೆದುಕೊಡಬೇಕು.

— ಓದುಗ, ರಾಂಜಣಗಾಂವ, ಪುಣೆ ಜಿಲ್ಲೆ