ಹದಿನೆಂಟು ಸೆಂಟಿನ ಸೇತುವೆಗಳು

2022ರ ಜನವರಿ 28ರ ನಸುಕಿನಲ್ಲಿ ಪಿಟ್ಸ್‌ಬರ್ಗ್ ನಗರದ ಫರ್ನ್ ಹಾಲೊ ಸೇತುವೆ, ಮೇಲಿದ್ದ ಬಸ್ಸು ಮತ್ತು ಕಾರುಗಳ ಸಮೇತ ಕಣಿವೆಗೆ ಕುಸಿಯಿತು. ಕೆಲವರು ಗಾಯಗೊಂಡರು, ಯಾರೂ ಸಾಯಲಿಲ್ಲ. ಮೂಲಸೌಕರ್ಯದ ಬಗ್ಗೆ ಭಾಷಣ ಮಾಡಲು ಅಧ್ಯಕ್ಷ ಜೋ ಬೈಡನ್ ಅದೇ ದಿನ ಆ ನಗರಕ್ಕೆ ಬರುವವರಿದ್ದರು. ಬಂದವರು ಮುರಿದ ಸೇತುವೆಯನ್ನೂ ನೋಡಿದರು. ಜೂನ್ 22ರಂದು, ಪೆಟ್ರೋಲ್ ದರ ಗ್ಯಾಲನ್ನಿಗೆ ಐದು ಡಾಲರಿನ ಆಸುಪಾಸಿನಲ್ಲಿದ್ದಾಗ, ಫೆಡರಲ್ ಇಂಧನ ತೆರಿಗೆಯನ್ನು ಮೂರು ತಿಂಗಳು ಅಮಾನತಿನಲ್ಲಿಡುವಂತೆ ಅದೇ ಬೈಡನ್ ಕಾಂಗ್ರೆಸ್ಸನ್ನು ಕೋರಿದರು. ಹೆದ್ದಾರಿ ನಿಧಿಗೆ ಆಗುವ ಖೋತಾವನ್ನು ಬೇರೆ ಆದಾಯದಿಂದ ತುಂಬಬಹುದೆಂದೂ ಹೇಳಿದರು. ಕಾಂಗ್ರೆಸ್ ಒಪ್ಪಲಿಲ್ಲ, ಅದು ಬೇರೆ ಮಾತು. ಸೇತುವೆಗಳು ಭದ್ರವಾಗಿರಬೇಕೆನ್ನುವ ರಾಜಕಾರಣಕ್ಕೂ ಅದಕ್ಕಾಗಿ ಹಣ ಕೇಳಲು ಅಂಜುವ ರಾಜಕಾರಣಕ್ಕೂ ನಡುವೆ ಇದ್ದದ್ದು ಐದೇ ತಿಂಗಳು.

ಆ ತೆರಿಗೆಯ ಮೊತ್ತ ಗ್ಯಾಲನ್ನಿಗೆ 18.4 ಸೆಂಟ್. 1993ರಲ್ಲಿ ನಿಗದಿಯಾದ ಈ ದರ ಅಂದಿನಿಂದ ಒಂದು ಸೆಂಟೂ ಏರಿಲ್ಲ. ಅದು ಬೆಲೆಯ ಶೇಕಡಾವಾರು ಲೆಕ್ಕದ್ದಲ್ಲ. ಹಣದುಬ್ಬರಕ್ಕೂ ಅದನ್ನು ಜೋಡಿಸಿಲ್ಲ. ಅಂದಿನ ಮೌಲ್ಯವನ್ನು ಉಳಿಸಿಕೊಂಡಿದ್ದರೆ ಇಂದು ಸುಮಾರು 40 ಸೆಂಟ್ ಇರಬೇಕಾಗಿತ್ತು. ಈ ನಡುವೆ ಸಿಮೆಂಟು, ಉಕ್ಕು, ಕೂಲಿ ಎಲ್ಲವೂ ಏರಿವೆ. ವಾಹನಗಳು ಅದೇ ಗ್ಯಾಲನ್ನಿನಲ್ಲಿ ಹೆಚ್ಚು ದೂರ ಓಡುತ್ತಿವೆ. ಬೇ ಏರಿಯಾದ ನಮ್ಮವರ ಟೆಸ್ಲಾಗಳು ಈ ತೆರಿಗೆಯನ್ನು ಕಟ್ಟುವುದೇ ಇಲ್ಲ. 1956ರಲ್ಲಿ ಸ್ಥಾಪನೆಯಾದ ಹೆದ್ದಾರಿ ನಿಧಿ ತನ್ನ ಕಾಲ ಮೇಲೆ ನಿಲ್ಲಲಾಗದೆ, 2008ರಿಂದ ಈಚೆಗೆ ಸಾಮಾನ್ಯ ಬೊಕ್ಕಸದಿಂದ ಸುಮಾರು 27,500 ಕೋಟಿ ಡಾಲರ್ ಪಡೆದಿದೆ. ದೇಶದ ಆರು ಲಕ್ಷಕ್ಕೂ ಹೆಚ್ಚು ಸೇತುವೆಗಳ ಪೈಕಿ 40,000ಕ್ಕೂ ಹೆಚ್ಚು ಇಂದಿಗೂ ದುಃಸ್ಥಿತಿಯ ಪಟ್ಟಿಯಲ್ಲಿವೆ.

ಇಷ್ಟಾದರೂ ತೆರಿಗೆ ಏರಿಸುವ ಮಾತು ಬಂದಾಗ ನಮ್ಮ ಪ್ರಗತಿಪರ ವಲಯದಲ್ಲೇ ಮೊದಲು ಕೇಳಿಬರುವುದು ವಿರೋಧ. ಇದಕ್ಕೆ ಕಾರಣವನ್ನು ಊರಿನಲ್ಲಿ ಹುಡುಕಬೇಕು. ನಮ್ಮಲ್ಲಿ ಅನೇಕರು ರಾಜಕೀಯದ ಮೊದಲ ಪಾಠ ಕಲಿತದ್ದು ಪೆಟ್ರೋಲ್ ಬೆಲೆ ಏರಿಕೆಯ ವಿರುದ್ಧದ ಧರಣಿಗಳಲ್ಲಿ. ಅಲ್ಲಿ ಆ ಸಿಟ್ಟಿಗೆ ಅರ್ಥವಿದೆ. ಭಾರತದಲ್ಲಿ ಪಂಪಿನ ದರದ ದೊಡ್ಡ ಪಾಲು ತೆರಿಗೆಯೇ. ಅದರಲ್ಲಿ ಕೇಂದ್ರ ಸೆಸ್ ಎಂದು ಪಡೆಯುವ ಭಾಗವನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳುವುದಿಲ್ಲ. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ ಶೇ. 29.84ಕ್ಕೆ ಏರಿಸಿತು, ಆ ಹಣ ಸೇರಿದ್ದು ರಾಜ್ಯದ ಸಾಮಾನ್ಯ ಬೊಕ್ಕಸಕ್ಕೆ. ಎರಡು ತಿಂಗಳೊಳಗೆ, ಆಗಸ್ಟ್ 7ರ ನಡುರಾತ್ರಿಯ ನಂತರ, ಕಾರವಾರದ ಬಳಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಅದು ರಾಷ್ಟ್ರೀಯ ಹೆದ್ದಾರಿ, ಹೊಣೆ ರಾಜ್ಯದ್ದಲ್ಲ, ನಿಜ. ಆದರೆ ರಸ್ತೆಗೆಂದೇ ಪ್ರತಿ ಲೀಟರಿನ ಮೇಲೂ ಸೆಸ್ ತೆರುವ ಜನ, ತಮ್ಮ ದುಡ್ಡು ಎಲ್ಲಿ ಹೋಯಿತೆಂದು ಕೇಳಿದರೆ ತಪ್ಪೇನು?

ಅಮೆರಿಕದ ಸ್ಥಿತಿ ಇದಕ್ಕೆ ತಿರುಗುಮುರುಗು. ಇಲ್ಲಿ ತೆರಿಗೆ ಹೆಚ್ಚಲ್ಲ, ಅತಿ ಕಡಿಮೆ. ರಾಜ್ಯಗಳ ತೆರಿಗೆ ಸೇರಿಸಿದರೂ ಸರಾಸರಿಯಲ್ಲಿ ಅದು ಯುರೋಪಿನ ದೇಶಗಳ ಹತ್ತಿರಕ್ಕೂ ಬರುವುದಿಲ್ಲ. ಊರಿನ ಘೋಷಣೆಯನ್ನು ಇಲ್ಲಿ ಹಾಗೆಯೇ ಕೂಗಿದರೆ ನಾವು ಹೋಗಿ ನಿಲ್ಲುವುದು ತೆರಿಗೆಯೇ ಬೇಡವೆನ್ನುವ ಬಲಪಂಥದ ಪಕ್ಕದಲ್ಲಿ.

ಆ ಪಕ್ಕ ಹೇಗಿರುತ್ತದೆಂಬುದನ್ನು ಮಿನೆಸೋಟ ತೋರಿಸಿದೆ. 2007ರ ಮೇ ತಿಂಗಳಲ್ಲಿ ಅಲ್ಲಿನ ಶಾಸನಸಭೆ ಅಂಗೀಕರಿಸಿದ್ದ ಇಂಧನ ತೆರಿಗೆ ಏರಿಕೆಯನ್ನು ರಿಪಬ್ಲಿಕನ್ ಗವರ್ನರ್ ಟಿಮ್ ಪಾಲೆಂಟಿ ವೀಟೋ ಮಾಡಿದರು. ಆಗಸ್ಟ್ 1ರ ಸಂಜೆ ಮಿನಿಯಾಪೊಲಿಸ್‌ನಲ್ಲಿ ಐ-35ಡಬ್ಲ್ಯು ಸೇತುವೆ ಮಿಸಿಸಿಪಿ ನದಿಗೆ ಕುಸಿದು 13 ಜನ ಸತ್ತರು, 145 ಜನ ಗಾಯಗೊಂಡರು. ಪ್ರತಿನಿಧಿ ಸಭೆಯ ಸಾರಿಗೆ ಸಮಿತಿಯ ಅಧ್ಯಕ್ಷರಾಗಿದ್ದ, ಮಿನೆಸೋಟದವರೇ ಆದ ಜೇಮ್ಸ್ ಓಬರ್‌ಸ್ಟಾರ್, ಸೇತುವೆಗಳ ದುರಸ್ತಿಗೆಂದೇ ಫೆಡರಲ್ ತೆರಿಗೆಗೆ ಐದು ಸೆಂಟ್ ಸೇರಿಸೋಣವೆಂದರು. ಮೊದಲು ಇರುವ ಹಣದ ಆದ್ಯತೆಗಳನ್ನು ಸರಿಪಡಿಸಿಕೊಳ್ಳಿ ಎಂಬುದು ಅಧ್ಯಕ್ಷ ಬುಷ್ ಅವರ ಉತ್ತರವಾಗಿತ್ತು. ಐದು ಸೆಂಟ್ ಅಲ್ಲಿಗೆ ಮುಗಿಯಿತು. ಆದರೆ 2008ರ ಫೆಬ್ರುವರಿಯಲ್ಲಿ ಮಿನೆಸೋಟದ ಶಾಸನಸಭೆ, ಆರು ರಿಪಬ್ಲಿಕನ್ ಶಾಸಕರ ಬೆಂಬಲದಿಂದ, ಗವರ್ನರರ ವೀಟೋವನ್ನು ಮೀರಿ ರಾಜ್ಯದ ತೆರಿಗೆಯನ್ನು ಹಂತಹಂತವಾಗಿ 8.5 ಸೆಂಟ್ ಏರಿಸಿತು. ಮುಂದಿನ ಚುನಾವಣೆಯ ಬಳಿಕ ಆ ಆರರಲ್ಲಿ ಸದನಕ್ಕೆ ಮರಳಿದವರು ಇಬ್ಬರೇ.

ಈ ಕತೆಯನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ಅರ್ಧಕ್ಕೆ ನಿಲ್ಲಿಸುವಂತಿಲ್ಲ. ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕಂಡುಕೊಂಡದ್ದು ವಿನ್ಯಾಸದ ದೋಷವನ್ನು: ಉಕ್ಕಿನ ತೊಲೆಗಳನ್ನು ಬೆಸೆಯುವ ಗಸೆಟ್ ಪ್ಲೇಟುಗಳು ಇರಬೇಕಾದ ದಪ್ಪದ ಅರ್ಧದಷ್ಟೇ ಇದ್ದವು. ವರ್ಷಗಳಿಂದ ಸೇತುವೆಯ ತೂಕ ಹೆಚ್ಚುತ್ತ ಬಂದಿತ್ತು. ಆ ದಿನ ಕಾಮಗಾರಿಯ ಸಾಮಗ್ರಿಯನ್ನೂ ಅದರ ಮೇಲೆಯೇ ಪೇರಿಸಿದ್ದರು. ವೀಟೋ ಆಗದಿದ್ದರೆ ಸೇತುವೆ ಉಳಿಯುತ್ತಿತ್ತು ಎನ್ನಲು ಆಧಾರವಿಲ್ಲ. ತೆರಿಗೆಯನ್ನು ಸಮರ್ಥಿಸುವವರು ಹೆಣಗಳನ್ನು ಮುಂದಿಟ್ಟುಕೊಂಡು ವಾದಿಸಬೇಕಾಗಿಲ್ಲ. ತುಕ್ಕು ಹಿಡಿದ 40,000 ಸೇತುವೆಗಳ ಲೆಕ್ಕವೇ ಸಾಕು.

ನಮ್ಮ ಬಳಗದ ಗಟ್ಟಿಯಾದ ಆಕ್ಷೇಪ ಬೇರೆಯದು. ಇಂಧನ ತೆರಿಗೆ ಬಡವರ ಆದಾಯದಲ್ಲಿ ಹೆಚ್ಚು ಪಾಲನ್ನು ಕಿತ್ತುಕೊಳ್ಳುತ್ತದೆ. ಅದಕ್ಕಿಂತ ಸಾಮಾನ್ಯ ಬೊಕ್ಕಸದಿಂದ, ಅಂದರೆ ಶ್ರೀಮಂತರು ಹೆಚ್ಚು ತೆರುವ ಆದಾಯ ತೆರಿಗೆಯಿಂದ, ಖರ್ಚು ಮಾಡುವುದು ನ್ಯಾಯವಲ್ಲವೇ? ಕಾಗದದ ಮೇಲೆ ನ್ಯಾಯವೇ. ಆದರೆ ಬೊಕ್ಕಸದ ಆ ಹಣ ಬಹುಪಾಲು ಸಾಲದ್ದು. ಅದು ಬರುವುದು ಕಾಂಗ್ರೆಸ್ಸಿಗೆ ಮನಸ್ಸಾದಾಗ, ಬಂದರೆ ಒಂದೇ ಸಲ ರಾಶಿಯಾಗಿ. 2021ರ ಮೂಲಸೌಕರ್ಯ ಕಾಯ್ದೆ ಸೇತುವೆಗಳಿಗೆಂದು 4,000 ಕೋಟಿ ಡಾಲರ್ ತೆಗೆದಿಟ್ಟದ್ದು ದೊಡ್ಡ ಸಂಗತಿ. ಆದರೆ ಬಣ್ಣ ಬಳಿಯುವುದು, ಚರಂಡಿ ತೆರವು ಮಾಡುವುದು, ಬಿರುಕಿಗೆ ಗಾರೆ ತುಂಬುವುದು ಪ್ರತಿ ವರ್ಷದ ಕೆಲಸ. ಹತ್ತು ವರ್ಷಕ್ಕೊಮ್ಮೆ ಸುರಿಯುವ ಮಳೆಯಿಂದ ಅದು ನಡೆಯುವುದಿಲ್ಲ.

ಹೊರೆಯ ಲೆಕ್ಕವನ್ನೂ ನೋಡೋಣ. ವರ್ಷಕ್ಕೆ 12,000 ಮೈಲಿ ಓಡುವ, ಗ್ಯಾಲನ್ನಿಗೆ 25 ಮೈಲಿ ಕೊಡುವ ಕಾರಿಗೆ 15 ಸೆಂಟ್ ಏರಿಕೆಯಿಂದ ಬೀಳುವುದು ವರ್ಷಕ್ಕೆ 72 ಡಾಲರ್. ಬಡ ಕುಟುಂಬಕ್ಕೆ ಅದು ಸಣ್ಣದಲ್ಲ. ಆದ್ದರಿಂದ ಆದಾಯ ತೆರಿಗೆಯ ಮೂಲಕ ಅದನ್ನು ಹಿಂದಿರುಗಿಸಬೇಕು, ಹಿಂದಿರುಗಿಸಲು ಸಾಧ್ಯವೂ ಇದೆ. ಆದರೆ ಸೇತುವೆ ದುರ್ಬಲವಾಗಿ ಅದಕ್ಕೆ ತೂಕದ ಮಿತಿ ಹಾಕಿದಾಗ ಸುತ್ತು ಬಳಸುವುದು ಶಾಲಾ ಬಸ್ಸು, ಅಗ್ನಿಶಾಮಕ ವಾಹನ. ಆ ನಷ್ಟವನ್ನು ಯಾರೂ ಹಿಂದಿರುಗಿಸುವುದಿಲ್ಲ.

ಪ್ರಗತಿಪರರು ಕೇಳಬೇಕಾದ ಇನ್ನೂ ದೊಡ್ಡ ಪ್ರಶ್ನೆ ಲಾರಿಗಳದು. 1950ರ ದಶಕದ ಕೊನೆಯಲ್ಲಿ ಇಲಿನಾಯ್‌ನಲ್ಲಿ ನಡೆದ ರಸ್ತೆ ಪ್ರಯೋಗ ತೋರಿಸಿದಂತೆ, ಅಚ್ಚಿನ ಮೇಲಿನ ತೂಕ ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. ಸೇತುವೆಯ ಉಕ್ಕನ್ನು ದಣಿಸುವುದೂ ಮುಖ್ಯವಾಗಿ ಇದೇ ಭಾರ. ಆದರೆ ಭಾರಿ ಲಾರಿಯೊಂದು ತೆರುವ ಫೆಡರಲ್ ವಾರ್ಷಿಕ ಬಳಕೆ ತೆರಿಗೆಯ ಗರಿಷ್ಠ ಮಿತಿ 550 ಡಾಲರ್. 1980ರ ದಶಕದಿಂದ ಅದು ಕದಲಿಲ್ಲ. ಒರೆಗಾನ್ ರಾಜ್ಯ ದಶಕಗಳಿಂದ ಲಾರಿಗಳಿಗೆ ತೂಕ ಮತ್ತು ಮೈಲಿ ಎರಡನ್ನೂ ಲೆಕ್ಕ ಹಾಕಿ ತೆರಿಗೆ ಹಾಕುತ್ತಿದೆ. ಇಡೀ ದೇಶಕ್ಕೆ ಅದನ್ನೇಕೆ ವಿಸ್ತರಿಸಬಾರದು? ಪಂಪಿನ ಮುಂದೆ ನಿಂತ ಬಡವನ ಬಗ್ಗೆ ಕಣ್ಣೀರು ಸುರಿಸುವವರು ಸರಕು ಸಾಗಣೆ ಕಂಪನಿಗಳ ಈ ರಿಯಾಯಿತಿಯ ಬಗ್ಗೆ ಮೌನವಾಗಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಆದರೂ ತೆರಿಗೆ ಏರಿಸಿದ ಮಾತ್ರಕ್ಕೆ ಸೇತುವೆ ನಿಲ್ಲುವುದಿಲ್ಲ. ಪಿಟ್ಸ್‌ಬರ್ಗ್ ಇರುವ ಪೆನ್ಸಿಲ್ವೇನಿಯಾ 2013ರಲ್ಲೇ ಕಾನೂನು ಮಾಡಿ ಇಂಧನ ತೆರಿಗೆಯನ್ನು ದೇಶದ ಅತಿ ಹೆಚ್ಚಿನ ದರಗಳ ಸಾಲಿಗೆ ಏರಿಸಿಕೊಂಡಿತ್ತು. ಆದರೆ ರಾಜ್ಯದ ಮೋಟಾರು ನಿಧಿಯಿಂದ 425 ಕೋಟಿ ಡಾಲರ್ ರಾಜ್ಯ ಪೊಲೀಸರ ಖರ್ಚಿಗೆ ಹೋಗಿದೆಯೆಂದು 2019ರಲ್ಲಿ ಅಲ್ಲಿನ ಲೆಕ್ಕ ಪರಿಶೋಧಕರೇ ಬಯಲಿಗಿಟ್ಟರು. ಫರ್ನ್ ಹಾಲೊ ಸೇತುವೆ ನಗರದ ಆಸ್ತಿ. 2011ರಿಂದ ಅದನ್ನು ದುಃಸ್ಥಿತಿಯ ದರ್ಜೆಯಲ್ಲಿ ಇಟ್ಟಿದ್ದರು. ಚರಂಡಿಗಳು ಕಟ್ಟಿಕೊಂಡು, ನೀರು ಸೇತುವೆಯ ಕಾಲುಗಳ ಮೇಲೆ ಹರಿದು, ಉಕ್ಕು ತಿಂದುಹೋಗಿತ್ತು. ತಪಾಸಣೆಗೆ ಬಂದವರು ಮತ್ತೆ ಮತ್ತೆ ಬರೆದಿಟ್ಟ ಶಿಫಾರಸುಗಳು ಕಡತದಲ್ಲೇ ಉಳಿದವು. ಕುಸಿದ ಮೇಲೆ ಮಾತ್ರ ಸುಮಾರು ಎರಡೂವರೆ ಕೋಟಿ ಡಾಲರ್ ಫೆಡರಲ್ ಹಣ ಬಂದು, ವರ್ಷ ಮುಗಿಯುವ ಮೊದಲೇ ಹೊಸ ಸೇತುವೆ ಎದ್ದಿತು. ಹೊಸದನ್ನು ಉದ್ಘಾಟಿಸಬಹುದು, ತೆರವಾದ ಚರಂಡಿಯ ಮುಂದೆ ನಿಂತು ಯಾವ ನಾಯಕ ರಿಬ್ಬನ್ ಕತ್ತರಿಸುತ್ತಾನೆ?

ಆದ್ದರಿಂದ ನಮ್ಮ ಬೆಂಬಲಕ್ಕೆ ಒಂದು ಷರತ್ತು ಇರಬೇಕು: ಏರಿಸಿದ ಪ್ರತಿ ಸೆಂಟೂ ಮೊದಲು ಇರುವ ಸೇತುವೆಗಳ ನಿರ್ವಹಣೆಗೆ, ಅದರಲ್ಲೂ ನಗರಗಳ ಮತ್ತು ಕೌಂಟಿಗಳ ಒಡೆತನದ ಸೇತುವೆಗಳಿಗೆ ಹೋಗಬೇಕು, ಹೆದ್ದಾರಿಗೆ ಹೊಸ ಲೇನ್ ಸೇರಿಸಲು ಅಲ್ಲ. 2021ರ ಕಾಯ್ದೆಯ ಅವಧಿ 2026ರ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಅದರ ಮುಂದಿನ ಕಾಯ್ದೆಯ ಚರ್ಚೆಯಲ್ಲಿ ಈ ಷರತ್ತನ್ನು ಎತ್ತಬೇಕಾದವರು ಇಲ್ಲಿ ಮತ ಹಾಕುವ ನಮ್ಮವರು. ವೀಸಾದ ಮೇಲಿರುವವರಿಗೂ ಕೆಲಸವಿದೆ. ಪಂಪಿನಲ್ಲಿ ತೆರಿಗೆ ಕಟ್ಟುವಾಗ ಯಾರೂ ಪೌರತ್ವ ಕೇಳುವುದಿಲ್ಲ. ದೇಶದ ಪ್ರತಿ ಸೇತುವೆಗೂ ತಪಾಸಣೆಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಅಂಕ ಕೊಡುತ್ತಾರೆ. ಮುಖ್ಯ ಭಾಗವೊಂದಕ್ಕೆ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಅದು ದುಃಸ್ಥಿತಿ. ಆ ಪಟ್ಟಿ ಸಾರ್ವಜನಿಕವಾಗಿದೆ. ಮಕ್ಕಳ ಶಾಲಾ ಬಸ್ಸು ದಾಟುವ ಸೇತುವೆ ಎಷ್ಟು ವರ್ಷಗಳಿಂದ ನಾಲ್ಕರಲ್ಲೇ ನಿಂತಿದೆ ಎಂದು ನಗರಸಭೆಯ ಬಜೆಟ್ ಸಭೆಯಲ್ಲಿ ಎದ್ದು ಕೇಳಲು ಮತದ ಹಕ್ಕು ಬೇಕಿಲ್ಲ.